ಕಡಲ ನೀರಿನ ಹಳದಿ ಲೆಕ್ಕ

1978ರ ಅಕ್ಟೋಬರ್ 24ರಂದು ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್ ನೆಲೆಯಿಂದ ನಾಸಾದ ನಿಂಬಸ್-7 ಉಪಗ್ರಹ ಮೇಲೇರಿತು. ಅದು ಹೊತ್ತೊಯ್ದ ಉಪಕರಣಗಳಲ್ಲಿ ಒಂದರ ಹೆಸರು ಕೋಸ್ಟಲ್ ಝೋನ್ ಕಲರ್ ಸ್ಕ್ಯಾನರ್. ಕಡಲಿನ ಬಣ್ಣ ಅಳೆಯುವುದಕ್ಕೆಂದೇ ಬಾಹ್ಯಾಕಾಶಕ್ಕೆ ಹೋದ ಮೊದಲ ಉಪಕರಣ ಅದು. ಇಂಥದ್ದೊಂದು ಅಳತೆ ಸಾಧ್ಯವೇ ಎಂದು ಒಂದು ವರ್ಷ ಪರೀಕ್ಷಿಸಿ ನೋಡುವುದಷ್ಟೇ ಮೂಲ ಯೋಜನೆ. ಅದು 1986ರ ಜೂನ್‌ವರೆಗೂ ಕೆಲಸ ಮಾಡಿತು.

ಅದಕ್ಕೆ ವಹಿಸಿದ್ದ ಕೆಲಸ ಸರಳವಾಗಿ ಕಾಣುತ್ತಿತ್ತು. ಕಡಲಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಲ್ಲಿ ಪತ್ರಹರಿತ್ತು ಇರುತ್ತದೆ. ಅದು ನೀಲಿ ಬೆಳಕನ್ನು ಹೀರಿ, ಹಸಿರನ್ನು ಬಹುಪಾಲು ಬಿಟ್ಟುಬಿಡುತ್ತದೆ. ನೀರಿನಿಂದ ಮೇಲಕ್ಕೆ ಬರುವ ಬೆಳಕನ್ನು 443 ನ್ಯಾನೊಮೀಟರ್‌ನ ನೀಲಿಯಲ್ಲೂ 550ರ ಹಸಿರಿನಲ್ಲೂ ಅಳೆದು ಎರಡರ ಅನುಪಾತ ತೆಗೆದರೆ ಎಷ್ಟು ಪತ್ರಹರಿತ್ತು ಇದೆ ಎಂದು ಹೇಳಬಹುದು. ನಡುಗಡಲಿನಲ್ಲಿ ಈ ಲೆಕ್ಕ ಚೆನ್ನಾಗಿ ಕೂಡಿಬಂತು. ಮೆಕ್ಸಿಕೊ ಕೊಲ್ಲಿಯಲ್ಲಿ ಹಡಗಿನಿಂದ ಎತ್ತಿದ ನೀರಿನ ಅಳತೆಯ ಜೊತೆ ತಾಳೆ ನೋಡಿ, ವಾರೆನ್ ಹೋವಿಸ್ ಮತ್ತು ಹೊವಾರ್ಡ್ ಗಾರ್ಡನ್ ಅವರ ತಂಡಗಳು 1980ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದವು. ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ಶೇ. 90ರಷ್ಟೋ ಅದಕ್ಕಿಂತ ಹೆಚ್ಚೋ ಪಾಲು ಗಾಳಿಯಿಂದ ಚದುರಿ ಬಂದದ್ದು, ಕಡಲಿನದ್ದು ಅತ್ಯಲ್ಪ. ಆ ಅತ್ಯಲ್ಪವನ್ನು ಗಾಳಿಯ ಗದ್ದಲದಿಂದ ಬಿಡಿಸಿ ತೆಗೆದದ್ದು ಗಾರ್ಡನ್ ಅವರ ದೊಡ್ಡ ಸಾಧನೆ.

ತೊಡಕು ಎದುರಾದದ್ದು ನದಿಮುಖಗಳ ಹತ್ತಿರ. ಅಲ್ಲಿ ಉಪಗ್ರಹದ ಲೆಕ್ಕ ಪತ್ರಹರಿತ್ತನ್ನು ಏಕಾಏಕಿ ಏರಿಸಿ ತೋರಿಸುತ್ತಿತ್ತು. ನೀಲಿ ಬೆಳಕನ್ನು ಹೀರುವ ಇನ್ನೊಂದು ವಸ್ತು ಆ ನೀರಿನಲ್ಲಿತ್ತು. ಕಾಡಿನ ತರಗೆಲೆ, ತೊಗಟೆ, ಜೌಗು ಮಣ್ಣು ನೀರಿನಲ್ಲಿ ನೆನೆದಾಗ, ಚಹಾದ ಡಿಕಾಕ್ಷನ್‌ನಂತೆ, ಬಣ್ಣ ಬಿಡುತ್ತವೆ. ಆ ಬಣ್ಣ ನದಿಯ ಜೊತೆ ಕಡಲಿಗೆ ಬರುತ್ತದೆ. ಎಷ್ಟು ನುಣುಪಾಗಿ ಸೋಸಿದರೂ ಅದು ನೀರನ್ನು ಬಿಡುವುದಿಲ್ಲ, ಏಕೆಂದರೆ ಅದು ಕರಗಿಹೋದ ಸಾವಯವ ವಸ್ತು. 443ರ ಪಟ್ಟಿಯಲ್ಲಿ ಅದನ್ನೂ ಪತ್ರಹರಿತ್ತನ್ನೂ ಬೇರೆ ಮಾಡುವ ಉಪಾಯ ನಿಂಬಸ್‌ನ ಉಪಕರಣಕ್ಕೆ ಇರಲಿಲ್ಲ. ಹಾಗಾಗಿ ಹಲವು ವರ್ಷ ಈ ಹಳದಿ ವಸ್ತು ವಿಜ್ಞಾನಿಗಳ ಪಾಲಿಗೆ ಲೆಕ್ಕ ಕೆಡಿಸುವ ಕಿರಿಕಿರಿ ಮಾತ್ರವಾಗಿತ್ತು.

ಅದರ ಪರಿಚಯವೇನೂ ಹೊಸದಲ್ಲ. ಕಡಲಿನ ಬಣ್ಣದ ವಿಚಾರಣೆ ಹಡಗಿನ ಕಟಕಟೆಯ ಬಳಿ ಶುರುವಾಗಿ ಆಗಲೇ ನೂರು ವರ್ಷ ದಾಟಿತ್ತು. 1865ರ ಏಪ್ರಿಲ್‌ನಲ್ಲಿ ಇಟಲಿಯ ಪಾದ್ರಿ ಹಾಗೂ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ, ಪೋಪರ ನೌಕಾಪಡೆಯ ಹಡಗಿನಿಂದ ಮೆಡಿಟರೇನಿಯನ್ ನೀರಿಗೆ ತಟ್ಟೆಗಳನ್ನು ಇಳಿಬಿಟ್ಟು, ಯಾವ ಆಳದಲ್ಲಿ ಅವು ಕಣ್ಮರೆಯಾಗುತ್ತವೆ ಎಂದು ಗುರುತು ಹಾಕಿಕೊಂಡರು. ಇವತ್ತಿಗೂ ಸಂಶೋಧನಾ ಹಡಗುಗಳಲ್ಲಿ ಆ ಬಿಳಿ ತಟ್ಟೆ ಇರುತ್ತದೆ. ಸ್ವಿಟ್ಜರ್ಲೆಂಡ್‌ನ ಫೋರೆಲ್ ಮತ್ತು ಜರ್ಮನಿಯ ಊಲೆ 1890ರ ದಶಕದಲ್ಲಿ ನೀಲಿಯಿಂದ ಕಂದಿನವರೆಗೆ ಬಣ್ಣದ ದ್ರಾವಣ ತುಂಬಿದ ಗಾಜಿನ ಕೊಳವೆಗಳ ಸಾಲನ್ನು ರೂಪಿಸಿ, ನೀರಿನ ಬಣ್ಣಕ್ಕೆ ಅಂಕಿ ಕೊಟ್ಟರು.

ಆಮೇಲೆ ಬಂದವರು ಸಿ.ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ 'ನರ್ಕುಂಡಾ' ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್‌ನ ಗಾಢ ನೀಲಿ ಅವರ ಗಮನ ಸೆಳೆಯಿತು. ಆಳ ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಬಿಂಬವೇ ಹೊರತು ನೀರಿನದ್ದಲ್ಲ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಜೇಬಿನಲ್ಲಿದ್ದ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ಅಳಿದುಹೋಗುವ ಕೋನಕ್ಕೆ ತಿರುಗಿಸಿದರು. ಆಕಾಶದ ಪ್ರತಿಬಿಂಬ ಹೋಯಿತು. ನೀಲಿ ಹೋಗಲಿಲ್ಲ, ಮತ್ತಷ್ಟು ಗಾಢವಾಯಿತು. ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿದೆ ಎಂದು ಅವರು ಬೊಂಬಾಯಿ ಬಂದರಿನಿಂದಲೇ 'ನೇಚರ್' ಪತ್ರಿಕೆಗೆ ಬರೆದು ಕಳಿಸಿದರು. ಮುಂದೆ ಬೆಂಗಳೂರನ್ನು ತಮ್ಮ ಊರಾಗಿಸಿಕೊಂಡ ಈ ಭೌತವಿಜ್ಞಾನಿಯ ಹೆಸರನ್ನು ಕಡಲಿನ ಬಣ್ಣದ ಚರಿತ್ರೆಯಲ್ಲಿ ಬಿಡುವಂತಿಲ್ಲ. ಉಪಗ್ರಹ ಅಳೆಯುವುದೂ ಅದನ್ನೇ: ಮೇಲ್ಮೈಯ ಹೊಳಪನ್ನು ಕಳೆದು, ಒಳಗಿನಿಂದ ಮೇಲೆ ಬಂದ ಬೆಳಕು.

ಆದರೆ ರಾಮನ್ ವಿವರಿಸಿದ್ದು ತಿಳಿನೀರಿನ ನೀಲಿಯನ್ನು. ದಡದ ಹತ್ತಿರ ನೀರು ಹಸಿರಿಗೂ ಕಂದಿಗೂ ತಿರುಗುವುದೇಕೆ? ಇದಕ್ಕೆ ಹಿಡಿತವಿರುವ ಉತ್ತರ ಕೊಟ್ಟವರು ಹ್ಯಾಂಬರ್ಗ್‌ನ ರಸಾಯನಶಾಸ್ತ್ರಜ್ಞ ಕುರ್ಟ್ ಕಾಲೆ. 1930ರ ದಶಕದ ಕೊನೆಯಲ್ಲಿ ಅವರು, ಸೋಸಿದ ಮೇಲೂ ಕಡಲ ನೀರಿನಲ್ಲಿ ಉಳಿಯುವ ಒಂದು ಹಳದಿ ದ್ರವ್ಯ ನೀಲಿ ಬೆಳಕನ್ನು ನುಂಗುತ್ತದೆ, ನೀರು ತಾನಾಗಿ ಕೆಂಪು ಬೆಳಕನ್ನು ನುಂಗುತ್ತದೆ, ಉಳಿಯುವುದು ಹಸಿರು ಎಂದು ತೋರಿಸಿದರು. ಅವರ ಕೈಗೆ ಸಿಕ್ಕ ಬಾಲ್ಟಿಕ್ ಸಮುದ್ರ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸುತ್ತಲೂ ಕಾಡು ಮತ್ತು ಜೌಗು, ನೂರಾರು ನದಿಗಳು, ಉಪ್ಪು ಕಡಿಮೆ. ಉಪ್ಪು ಇಳಿದಂತೆ ಹಳದಿ ಏರುತ್ತಿತ್ತು. ಅಂದರೆ ಹಳದಿಯನ್ನು ಅಳೆದರೆ ನದಿಯ ನೀರು ಕಡಲಿನಲ್ಲಿ ಎಲ್ಲಿಯವರೆಗೆ ಹೋಗಿದೆ ಎಂದು ಹಿಂಬಾಲಿಸಬಹುದು. ಸ್ವೀಡನ್ನಿನ ನಿಲ್ಸ್ ಜೆರ್ಲೋವ್ ಮುಂತಾದವರು ಈ ದಾರಿಯಲ್ಲಿ ಬಹಳ ಕೆಲಸ ಮಾಡಿದರು.

ಉಪಗ್ರಹದ ಕಾಲಕ್ಕೆ ಬೇಕಾದ ಸೂತ್ರಗಳನ್ನು ಹೊಂದಿಸಿಕೊಟ್ಟದ್ದು ಫ್ರಾನ್ಸಿನ ವಿಲ್‌ಫ್ರಾಂಶ್‌-ಸುರ್‌-ಮೇರ್‌ನ ಕಡಲ ಪ್ರಯೋಗಾಲಯ. ಅಲ್ಲಿ ಆಂದ್ರೆ ಮೊರೆಲ್ ಮತ್ತು ಲೂಯಿ ಪ್ರಿಯೂರ್ 1977ರಲ್ಲಿ ಕಡಲ ನೀರನ್ನು ಎರಡು ಜಾತಿಯಾಗಿ ನೋಡಿದರು. ಸೂಕ್ಷ್ಮ ಸಸ್ಯಗಳೂ ಅವುಗಳಿಂದ ಹುಟ್ಟಿದ ವಸ್ತುಗಳೂ ಬಣ್ಣವನ್ನು ಆಳುವ ನೀರು ಒಂದು. ಮಣ್ಣು, ಹಳದಿ ದ್ರವ್ಯ ತಮ್ಮಷ್ಟಕ್ಕೆ ಏರಿಳಿಯುವ ನೀರು ಇನ್ನೊಂದು. ಕರಾವಳಿ ಬಹುಪಾಲು ಎರಡನೆಯದು. 1981ರಲ್ಲಿ ಆನಿಕ್ ಬ್ರಿಕೊ ಅವರ ಜೊತೆ ಸೇರಿ ಇದೇ ತಂಡ, ಹಳದಿ ದ್ರವ್ಯದ ಹೀರಿಕೆ ನೇರಳಾತೀತದಿಂದ ನೀಲಿಯತ್ತ, ನೀಲಿಯಿಂದ ಹಸಿರಿನತ್ತ ಹೋದಂತೆ ಒಂದು ನಿಯಮಿತ ವಕ್ರರೇಖೆಯಲ್ಲಿ ಇಳಿಯುತ್ತದೆ ಎಂದು ಅಂಕಿಗಳಲ್ಲಿ ಕೊಟ್ಟಿತು. ಪತ್ರಹರಿತ್ತಿನ ರೇಖೆ ಹಾಗಲ್ಲ. ಅದು 440ರ ಹತ್ತಿರ ಶಿಖರಕ್ಕೇರಿ ಆಮೇಲೆ ಎರಡೂ ಕಡೆ ಇಳಿಯುತ್ತದೆ. ಹಾಗಾದರೆ 412 ನ್ಯಾನೊಮೀಟರ್ ಸುಮಾರಿಗೆ, ನೇರಳೆಯ ಅಂಚಿನಲ್ಲಿ, ಇನ್ನೊಂದು ಕಣ್ಣಿದ್ದರೆ ಎರಡನ್ನೂ ಬಿಡಿಸಬಹುದಲ್ಲ? 1989ರಲ್ಲಿ ಕೆಂಡಲ್ ಕಾರ್ಡರ್ ಮತ್ತು ಸಂಗಡಿಗರು, ಈ ಹಳದಿ ದ್ರವ್ಯದಲ್ಲಿರುವ ಹ್ಯೂಮಿಕ್ ಆಮ್ಲಗಳು ಉಪಗ್ರಹದ ಪತ್ರಹರಿತ್ತಿನ ಲೆಕ್ಕವನ್ನು ಹೇಗೆ ತಪ್ಪಿಸುತ್ತವೆ ಎಂದು ವಿವರಿಸಿದಾಗ ಈ ವಾದಕ್ಕೆ ಬಲ ಬಂತು.

ಬೆಳಕಿನ ಕಡೆ ಹೀಗೆ ದಾರಿ ತೆರೆಯುತ್ತಿದ್ದಾಗ ಹಡಗಿನ ಕಡೆ ದೊಡ್ಡ ಗೊಂದಲ ಎದ್ದಿತು.

ಬಣ್ಣ ಗೊತ್ತಾದರೆ ಸಾಲದು; ಆ ನೀರಿನಲ್ಲಿ ಸಾವಯವ ಇಂಗಾಲ ಎಷ್ಟಿದೆ ಎಂದು ತೂಕದಲ್ಲಿ ಹೇಳಬೇಕು. ಅದು ಕಷ್ಟದ ಕೆಲಸ. ನಡುಗಡಲಿನ ಮೇಲ್ಪದರದ ಒಂದು ಲೀಟರ್ ನೀರಿನಲ್ಲಿ ಉಪ್ಪು ಸುಮಾರು 35 ಗ್ರಾಂ ಇದ್ದರೆ, ಕರಗಿದ ಸಾವಯವ ಇಂಗಾಲ ಒಂದು ಮಿಲಿಗ್ರಾಂಗೂ ಕಡಿಮೆ. ಹಡಗಿನ ಎಣ್ಣೆ, ಬೆರಳಿನ ಜಿಡ್ಡು, ತೊಳೆದ ಶೀಸೆಯಲ್ಲಿ ಉಳಿದ ಸಾಬೂನು, ಯಾವುದಾದರೂ ಸಾಕು ಅಳತೆ ಕೆಡಲು. ಹಳೆಯ ವಿಧಾನದಲ್ಲಿ ರಾಸಾಯನಿಕ ಬೆರೆಸಿ ಅಥವಾ ನೇರಳಾತೀತ ಬೆಳಕು ಹಾಯಿಸಿ ಸಾವಯವ ವಸ್ತುವನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಅಳೆಯುತ್ತಿದ್ದರು. 1988ರಲ್ಲಿ ಜಪಾನಿನ ಸುಗಿಮುರಾ ಮತ್ತು ಸುಝುಕಿ, ಪ್ಲಾಟಿನಂ ವೇಗವರ್ಧಕದ ಮೇಲೆ ಅತಿ ಬಿಸಿಯಲ್ಲಿ ಸುಡುವ ವಿಧಾನದಿಂದ ಅಳೆದು, ಕಡಲಿನ ಮೇಲ್ಪದರದಲ್ಲಿ ಈ ಇಂಗಾಲ ಹಿಂದೆ ಹೇಳಿದ್ದಕ್ಕಿಂತ ಹಲವು ಕಡೆ ದುಪ್ಪಟ್ಟು, ಅದಕ್ಕೂ ಹೆಚ್ಚು ಇದೆ ಎಂದು ಪ್ರಕಟಿಸಿದರು. ಇದು ನಿಜವಾದರೆ ಭೂಮಿಯ ಇಂಗಾಲದ ಲೆಕ್ಕವನ್ನೇ ತಿದ್ದಬೇಕಿತ್ತು. ಜಗತ್ತಿನ ಪ್ರಯೋಗಾಲಯಗಳೆಲ್ಲ ಹೊಸ ಯಂತ್ರ ತರಿಸಿಕೊಂಡವು. ಒಬ್ಬರ ಅಂಕಿ ಇನ್ನೊಬ್ಬರಿಗೆ ಹೊಂದಲಿಲ್ಲ.

1991ರ ಜುಲೈನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಈ ಕ್ಷೇತ್ರದವರು ಒಟ್ಟಿಗೆ ಕುಳಿತರು. ಒಂದೇ ನೀರನ್ನು ಬೇರೆ ಬೇರೆಯವರು ಅಳೆದು ನೋಡಿದಾಗ, ತಪ್ಪು ಎಲ್ಲಿದೆ ಎಂಬುದು ಹೊರಗೆ ಬರತೊಡಗಿತು. ಯಂತ್ರ ತನ್ನೊಳಗಿನಿಂದಲೇ ಒಂದಿಷ್ಟು ಇಂಗಾಲ ಬಿಡುತ್ತಿತ್ತು. ಇಂಗಾಲವಿಲ್ಲದ ನೀರು ಹಾಕಿದರೂ ಅಂಕಿ ತೋರಿಸುತ್ತಿತ್ತು. ಅದನ್ನು ಸರಿಯಾಗಿ ಕಳೆಯದಿದ್ದರೆ ಉತ್ತರ ಉಬ್ಬುತ್ತದೆ. 1993ರಲ್ಲಿ ಯೋಶಿಮಿ ಸುಝುಕಿ, ಮೊದಲ ಪ್ರಬಂಧ ಬಂದ 'ಮರೀನ್ ಕೆಮಿಸ್ಟ್ರಿ' ಪತ್ರಿಕೆಯಲ್ಲೇ ತಮ್ಮ ಹಿಂದಿನ ಅಂಕಿಗಳನ್ನು ಹಿಂತೆಗೆದುಕೊಂಡರು. ವಿಜ್ಞಾನದಲ್ಲಿ ಇಷ್ಟು ನೇರವಾಗಿ, ತನ್ನದೇ ಹೆಸರಿನಲ್ಲಿ, ಪ್ರಸಿದ್ಧಿ ತಂದ ಕೆಲಸವನ್ನು ಹಿಂದಕ್ಕೆ ಪಡೆದ ಉದಾಹರಣೆಗಳು ಹೆಚ್ಚಿಲ್ಲ. ಅವರು ಹಾಗೆ ಮಾಡಿದ್ದರಿಂದಲೇ ಉಳಿದವರಿಗೆ ದಾರಿ ತಿಳಿಯಾಯಿತು. ಹೊಸ ವಿಧಾನ ಸುಳ್ಳಾಗಿರಲಿಲ್ಲ. ಖಾಲಿ ಯಂತ್ರದ ಅಂಕಿಯನ್ನು ನಿಖರವಾಗಿ ಕಳೆದರೆ ಅದೇ ಉತ್ತಮ ವಿಧಾನ ಎಂದು ತೇಲಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಅದೇ. ಮಯಾಮಿ ವಿಶ್ವವಿದ್ಯಾಲಯದಲ್ಲಿ ಡೆನ್ನಿಸ್ ಹ್ಯಾನ್ಸೆಲ್ ಅವರ ಪ್ರಯೋಗಾಲಯ, ಅಳತೆ ಗೊತ್ತಿರುವ ಆಳಸಮುದ್ರದ ನೀರನ್ನು ಗಾಜಿನ ಕುಪ್ಪಿಗಳಲ್ಲಿ ಮುಚ್ಚಿ ಬೇರೆ ಪ್ರಯೋಗಾಲಯಗಳಿಗೆ ಕಳಿಸುವ ವ್ಯವಸ್ಥೆ ಮಾಡಿತು. ತಮ್ಮ ಯಂತ್ರ ಆ ನೀರಿಗೆ ಸರಿಯಾದ ಅಂಕಿ ಕೊಟ್ಟ ಮೇಲೇ ತಮ್ಮ ಕಡಲಿನ ಅಂಕಿಯನ್ನು ನಂಬುವುದು ರೂಢಿಯಾಯಿತು.

ಈ ಶಿಸ್ತು ಬಂದ ಮೇಲೆ ಸಿಕ್ಕ ಲೆಕ್ಕ ಇದು: ಜಗತ್ತಿನ ಕಡಲುಗಳಲ್ಲಿ ಕರಗಿರುವ ಸಾವಯವ ಇಂಗಾಲ ಸುಮಾರು 66,000 ಕೋಟಿ ಟನ್. ವಾತಾವರಣದಲ್ಲಿ ಡೈಆಕ್ಸೈಡ್ ರೂಪದಲ್ಲಿರುವ ಇಂಗಾಲದ ಜೊತೆ ತೂಗಬಲ್ಲಷ್ಟು ದೊಡ್ಡ ದಾಸ್ತಾನು. ನದಿಗಳು ವರ್ಷಕ್ಕೆ ಸುಮಾರು 25 ಕೋಟಿ ಟನ್ ಕರಗಿದ ಸಾವಯವ ಇಂಗಾಲವನ್ನು ಕಡಲಿಗೆ ತಂದು ಸುರಿಯುತ್ತವೆ. ಅದು ದಡದಲ್ಲೇ ಒಡೆದು ಗಾಳಿಗೆ ಮರಳುತ್ತದೆಯೇ, ನಡುಗಡಲಿಗೆ ಹೋಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಕರಾವಳಿಯ ಮೇಲೆ ನಿಂತಿದೆ.

412ರ ಕಣ್ಣು ಬಂದದ್ದು ಸೀವಿಫ್ಸ್ ಎಂಬ ಉಪಕರಣದೊಂದಿಗೆ. ನಾಲ್ಕು ವರ್ಷ ತಡವಾಗಿ, 1997ರ ಆಗಸ್ಟ್ 1ರಂದು, ವಿಮಾನದಡಿಯಿಂದ ಸಿಡಿಯುವ ಪೆಗಾಸಸ್ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. ಐದು ವರ್ಷಕ್ಕೆಂದು ಮಾಡಿದ ಅದು 2010ರ ಡಿಸೆಂಬರ್‌ವರೆಗೆ ದುಡಿಯಿತು. ಅದರ ಕಣ್ಣು ಮಂಜಾಗಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಇಡೀ ಉಪಗ್ರಹವನ್ನು ಹೊರಳಿಸಿ ಹುಣ್ಣಿಮೆಯ ಹತ್ತಿರದ ಚಂದ್ರನನ್ನು ತೋರಿಸುತ್ತಿದ್ದರು, ಏಕೆಂದರೆ ಚಂದ್ರನ ಮೈ ಮಾಸುವುದಿಲ್ಲ. ಕೆಳಗೆ ಹವಾಯಿಯ ಲನಾಯ್ ದ್ವೀಪದ ಬಳಿ ಡೆನ್ನಿಸ್ ಕ್ಲಾರ್ಕ್ ನಿಲ್ಲಿಸಿದ ತೇಲುಬುರುಡೆ, ಕಡಲಿನಿಂದ ಹೊರಡುವ ಬೆಳಕನ್ನು ಪ್ರತಿದಿನ ಅಳೆದು ಉಪಗ್ರಹಕ್ಕೆ ಸಾಕ್ಷಿ ಒದಗಿಸುತ್ತಿತ್ತು. 2002ರಲ್ಲಿ ಸ್ಯಾಂಟಾ ಬಾರ್ಬರಾದ ಡೇವಿಡ್ ಸೀಗೆಲ್ ಮತ್ತು ಸಂಗಡಿಗರು ಸೀವಿಫ್ಸ್ ಚಿತ್ರಗಳಿಂದ ಜಗತ್ತಿನ ನಕ್ಷೆ ತೆಗೆದರು. 440 ನ್ಯಾನೊಮೀಟರ್‌ನ ನೀಲಿ ಬೆಳಕಿನಲ್ಲಿ, ಶುದ್ಧ ನೀರಿನ ಪಾಲನ್ನು ಬಿಟ್ಟರೆ, ಉಳಿದ ಹೀರಿಕೆಯ ಸುಮಾರು ಅರ್ಧ ಈ ಬಣ್ಣದ ಸಾವಯವ ವಸ್ತುವಿನದ್ದೇ ಎಂದು ಕಂಡುಬಂತು. ಕಿರಿಕಿರಿ ಎಂದು ಕಳೆದುಹಾಕುತ್ತಿದ್ದದ್ದು ಅರ್ಧ ಲೆಕ್ಕವಾಗಿತ್ತು.

ಅದೇ ವರ್ಷ ಫ್ಲಾರಿಡಾದ ಮೀನುಗಾರರು ಆ ರಾಜ್ಯದ ನೈರುತ್ಯ ತೀರದಾಚೆ ಕಪ್ಪು ನೀರು ಕಂಡೆವೆಂದು ವರದಿ ಮಾಡಿದರು. ಸೀವಿಫ್ಸ್ ಚಿತ್ರಗಳಲ್ಲಿ ಆ ಕಪ್ಪು ಪಟ್ಟೆ ಸ್ಪಷ್ಟವಾಗಿತ್ತು. ಅದು ಫ್ಲಾರಿಡಾ ಕೀಸ್ ದ್ವೀಪಗಳತ್ತ ಸರಿದ ದಾರಿಯನ್ನೂ ಹಿಡಿಯಲಾಯಿತು. ಚುವಾನ್‌ಮಿನ್ ಹು ಮತ್ತು ಸಂಗಡಿಗರು ಚಿತ್ರ, ನೀರಿನ ಅಳತೆ, ನದಿಗಳ ಹರಿವಿನ ದಾಖಲೆ ಎಲ್ಲವನ್ನೂ ಜೋಡಿಸಿ, ನೆಲದಿಂದ ಬಂದ ನೀರಿಗೂ ದ್ವೀಪಗಳ ಜೀವಜಾಲಕ್ಕೂ ಇರುವ ನಂಟನ್ನು ಮುಂದಿನ ವರ್ಷಗಳಲ್ಲಿ ಬರೆದರು. ಕಪ್ಪು ನೀರು ಹಾದ ಕೆಲವೆಡೆ ಹವಳಗಳಿಗೂ ಸ್ಪಂಜುಗಳಿಗೂ ಪೆಟ್ಟು ಬಿದ್ದಿತ್ತು. ಮೊದಲು ನೋಡಿದವರು ಮೀನುಗಾರರು ಎಂಬುದನ್ನು ಇಲ್ಲಿ ಮರೆಯಬಾರದು.

ಬಣ್ಣದಿಂದ ಇಂಗಾಲಕ್ಕೆ ಹೋಗುವ ಸೇತುವೆ ಕಟ್ಟಿದ್ದು ಅಮೆರಿಕದ ಪೂರ್ವ ತೀರದಲ್ಲಿ. ಕೇಪ್ ಕಾಡ್‌ನಿಂದ ಕೇಪ್ ಹ್ಯಾಟರಸ್‌ವರೆಗಿನ ಕಡಲು, ಚೆಸಪೀಕ್ ಕೊಲ್ಲಿಯ ಬಾಯಿ ಅದರ ನಡುವೆ. ನಾಸಾದ ಗಾಡಾರ್ಡ್ ಕೇಂದ್ರದ ಆಂಟೋನಿಯೊ ಮನ್ನಿನೊ ಮತ್ತು ಸಂಗಡಿಗರು ಅಲ್ಲಿ ಹಡಗು, ದೋಣಿಗಳಿಂದ ಋತುವಿಗೊಮ್ಮೆ ನೀರು ಎತ್ತಿದರು. ಇಂಥ ಪಯಣದ ಕೆಲಸ ಹೀಗಿರುತ್ತದೆ: ಚೌಕಟ್ಟಿಗೆ ಕಟ್ಟಿದ ಶೀಸೆಗಳು ಬಾಯ್ತೆರೆದುಕೊಂಡು ನೀರಿಗಿಳಿದು, ಬೇಕಾದ ಆಳದಲ್ಲಿ ಮುಚ್ಚಿಕೊಂಡು ಮೇಲೆ ಬರುತ್ತವೆ. ಆ ನೀರನ್ನು ಅತಿ ಸಣ್ಣ ರಂಧ್ರಗಳ ಜಾಲರಿಯಲ್ಲಿ ಸೋಸಬೇಕು. ತುಂಬಿಡುವ ಗಾಜನ್ನು ಮೊದಲೇ ಕುಲುಮೆಯಲ್ಲಿ ಸುಟ್ಟು, ಅದರ ಮೈಯ ಸಾವಯವ ಕಲೆಯನ್ನೆಲ್ಲ ಕಳೆದಿರಬೇಕು. ಬೆಳಕು ಬಿದ್ದರೆ ಬಣ್ಣ ಮಾಸುವುದರಿಂದ ಶೀಸೆ ಕಂದು ಗಾಜಿನದ್ದಾಗಿರಬೇಕು. ಆಮೇಲೆ ಹತ್ತು ಸೆಂಟಿಮೀಟರ್ ಉದ್ದದ ಗಾಜಿನ ಕೋಶದಲ್ಲಿ ಸುರಿದು ಯಾವ ಬೆಳಕು ಎಷ್ಟು ಹೀರಿತು ಎಂದು ನೋಡಬೇಕು. ಅದೇ ಜಾಗದ ಮೇಲೆ ಕೆಲವೇ ಗಂಟೆಗಳ ಅಂತರದಲ್ಲಿ ಉಪಗ್ರಹ ಹಾದಿರಬೇಕು, ಮೋಡವೂ ಇರಬಾರದು. ಇಷ್ಟೆಲ್ಲ ಕೂಡಿಬಂದರೆ ಒಂದು ಚುಕ್ಕೆ ಸಿಗುತ್ತದೆ.

ಆ ಚುಕ್ಕೆಗಳನ್ನು ಹೊಂದಿಸಿದಾಗ ಒಂದು ಸಂಗತಿ ಎದ್ದು ಕಂಡಿತು: ಬಣ್ಣಕ್ಕೂ ಇಂಗಾಲಕ್ಕೂ ವರ್ಷವಿಡೀ ಒಂದೇ ಸಂಬಂಧ ಇಲ್ಲ. ಬೇಸಿಗೆಯ ಬಿಸಿಲು ಬಣ್ಣವನ್ನು ಬಿಳುಚಿಸುತ್ತದೆ. ಅದೇ ಹೊತ್ತಿನಲ್ಲಿ ಸೂಕ್ಷ್ಮ ಜೀವಿಗಳು ಬಣ್ಣವಿಲ್ಲದ ಹೊಸ ಸಾವಯವ ವಸ್ತುವನ್ನು ನೀರಿಗೆ ಬಿಡುತ್ತಿರುತ್ತವೆ. ಬಣ್ಣ ಇಳಿಯುತ್ತದೆ, ಇಂಗಾಲ ಏರುತ್ತದೆ. ಅದೇ ಕಡಲಿನಲ್ಲಿ ಬಿಸಿಲಿನ ಈ ಕೆಲಸವನ್ನು ಆಂಥೊನಿ ವೊಡಾಚೆಕ್ ಮತ್ತು ಸಂಗಡಿಗರು 1997ರಲ್ಲೇ ಗುರುತಿಸಿದ್ದರು. ಮನ್ನಿನೊ ತಂಡ ಬೇಸಿಗೆಗೆ ಒಂದು ಸೂತ್ರ, ಉಳಿದ ಋತುಗಳಿಗೆ ಇನ್ನೊಂದು ಸೂತ್ರ ಮಾಡಿ 2008ರಲ್ಲಿ ಪ್ರಕಟಿಸಿತು. ಉಪಗ್ರಹದಿಂದ ಲೆಕ್ಕ ಹಾಕಿದ ಇಂಗಾಲ, ಹಡಗಿನಲ್ಲಿ ಅಳೆದದ್ದರಿಂದ ಸರಾಸರಿ ಶೇ. 10ರ ಸುಮಾರಿಗಷ್ಟೇ ತಪ್ಪುತ್ತಿತ್ತು. ಬಾಹ್ಯಾಕಾಶದಿಂದ ನೇರವಾಗಿ ಕಾಣದ, ಬಹುಪಾಲು ಬಣ್ಣವೂ ಇಲ್ಲದ ವಸ್ತುವಿನ ಬಗ್ಗೆ ಇಷ್ಟು ಹತ್ತಿರದ ಅಂದಾಜು ಸಿಕ್ಕಿದ್ದು ಆ ಚುಕ್ಕೆಗಳ ದೆಸೆಯಿಂದ. ಬೇರೆ ಕರಾವಳಿಗೆ ಅದೇ ಸೂತ್ರವನ್ನು ಎತ್ತಿ ಹಚ್ಚುವಂತಿಲ್ಲ. ಅಲ್ಲಿಯ ನದಿ ಬೇರೆ, ಕಾಡು ಬೇರೆ, ಬಿಸಿಲು ಬೇರೆ.

ಭಾರತ ಈ ಕೆಲಸಕ್ಕೆ ತಡವಾಗಿಯೇನೂ ಬರಲಿಲ್ಲ. 1996ರ ಮಾರ್ಚ್ 21ರಂದು ಶ್ರೀಹರಿಕೋಟದಿಂದ ಹೋದ ಐಆರ್‌ಎಸ್-ಪಿ3 ಉಪಗ್ರಹದಲ್ಲಿ ಕಡಲಿನ ಬಣ್ಣ ನೋಡುವ ಜರ್ಮನ್ ಉಪಕರಣವಿತ್ತು. ಸೀವಿಫ್ಸ್‌ಗಿಂತ ವರ್ಷಕ್ಕೂ ಮೊದಲು. 1999ರ ಮೇ 26ರಂದು ಓಷನ್‌ಸ್ಯಾಟ್-1 ಹಾರಿತು. ಉಪಗ್ರಹ ಸಿದ್ಧವಾದದ್ದು ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ, ಬಣ್ಣ ನೋಡುವ ಕ್ಯಾಮೆರಾ ಅಹಮದಾಬಾದಿನಲ್ಲಿ. ಎಂಟು ಪಟ್ಟಿಗಳು, ಅವುಗಳಲ್ಲಿ 412ರದ್ದೂ ಒಂದು. ಸೀವಿಫ್ಸ್ ಒಂದು ಕಿಲೋಮೀಟರಿಗೂ ತುಸು ಹೆಚ್ಚಿನ ಚೌಕವನ್ನು ಒಂದು ಚುಕ್ಕೆಯಾಗಿ ನೋಡುತ್ತಿದ್ದರೆ ಇದು 360 ಮೀಟರಿನ ವಿವರ ಕೊಡುತ್ತಿತ್ತು. ನಮ್ಮ ಪಶ್ಚಿಮ ಕರಾವಳಿಯ ಕಿರಿದಾದ ಅಳಿವೆಗಳಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಅಂಥ ಅಳಿವೆಗಳಲ್ಲಿ ಹೆಚ್ಚು ಅಧ್ಯಯನವಾದದ್ದು ಗೋವಾದ ಮಾಂಡೋವಿ ಮತ್ತು ಝುವಾರಿ. ಮಾಂಡೋವಿ ಎಂದರೆ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ. ಆ ಎರಡು ಅಳಿವೆಗಳಲ್ಲಿ ಬಣ್ಣದ ಸಾವಯವ ವಸ್ತು ಹೇಗೆ ಬದಲಾಗುತ್ತದೆ ಎಂದು ದೋಣಿಯ ಅಳತೆ ಮತ್ತು ಉಪಗ್ರಹದ ಮಾಹಿತಿ ಎರಡನ್ನೂ ಸೇರಿಸಿ ನೋಡಿದ ಪ್ರಬಂಧ 2011ರಲ್ಲಿ ಪ್ರಕಟವಾಯಿತು. ಅಳಿವೆಯ ಕೆಲಸ ಸುಲಭದ್ದಲ್ಲ. ನಡುಗಡಲು ಅವಕೆಂಪು ಬೆಳಕಿನಲ್ಲಿ ಪೂರ್ತಿ ಕಪ್ಪಗೆ ಕಾಣುತ್ತದೆ; ಆ ಕಪ್ಪನ್ನು ಆಧಾರವಾಗಿಟ್ಟುಕೊಂಡೇ ಗಾಳಿಯ ಪಾಲನ್ನು ಕಳೆಯುತ್ತಾರೆ. ಮಣ್ಣು ತುಂಬಿದ ನೀರು ಅವಕೆಂಪಿನಲ್ಲೂ ಹೊಳೆಯುತ್ತದೆ. ಆಗ ಹಳೆಯ ವಿಧಾನ ಗಾಳಿಯನ್ನು ಅತಿಯಾಗಿ ಕಳೆದು, ನೀಲಿ ಪಟ್ಟಿಯಲ್ಲಿ ಸೊನ್ನೆಗೂ ಕೆಳಗಿನ ಬೆಳಕು ತೋರಿಸಿಬಿಡುತ್ತದೆ. ಹಳದಿ ವಸ್ತುವಿನ ಗುರುತು ಸಿಗಬೇಕಾದದ್ದು ಸರಿಯಾಗಿ ಅಲ್ಲೇ.

ನಮ್ಮ ತೀರಕ್ಕೆ ಇನ್ನೂ ಒಂದು ಕಷ್ಟ ಉಂಟು. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ನದಿಗಳು ಸಹ್ಯಾದ್ರಿಯ ತರಗೆಲೆಯ ಸಾರವನ್ನು ಹೊತ್ತು ತರುವುದು ಮಳೆಗಾಲದಲ್ಲಿ. ಆ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಮೇಲೆ ಮೋಡ ಕವಿದಿರುತ್ತದೆ. ಬಣ್ಣ ನೋಡುವ ಉಪಗ್ರಹಕ್ಕೆ ಮೋಡದಾಚೆ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅಬ್ಬರದ ಕಡಲಿಗೆ ಸಣ್ಣ ಸಂಶೋಧನಾ ದೋಣಿಗಳನ್ನು ಇಳಿಸುವುದೂ ಅಪಾಯ. ವರ್ಷದ ಅತಿ ದೊಡ್ಡ ಜಮೆ ಆಗುವ ಹೊತ್ತಿಗೆ ಮೇಲಿನ ಕಣ್ಣೂ ಮುಚ್ಚಿರುತ್ತದೆ, ಕೆಳಗಿನ ಶೀಸೆಯೂ ಖಾಲಿ ಇರುತ್ತದೆ. ಬಣ್ಣದ ಸಾವಯವ ವಸ್ತುವನ್ನು ಅದರ ಪ್ರತಿದೀಪ್ತಿಯಿಂದ ಗುರುತಿಸುವ ಸಂವೇದಕಗಳನ್ನು ಹೊತ್ತು ತಾವಾಗಿ ಮುಳುಗೇಳುವ ತೇಲುಯಂತ್ರಗಳು ನಡುಗಡಲಿನಲ್ಲಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತಿವೆ. ಆಳವಿಲ್ಲದ ತೀರಕ್ಕೆ ಅವು ಹೊಂದುವುದಿಲ್ಲ.

ಓಷನ್‌ಸ್ಯಾಟ್-2 2009ರ ಸೆಪ್ಟೆಂಬರ್ 23ರಂದು ಹೋಯಿತು. ಮೂರನೆಯದು, ಇಒಎಸ್-06 ಎಂಬ ಹೆಸರಿನಲ್ಲಿ, 2022ರ ನವೆಂಬರ್ 26ರಂದು. ಅದರಲ್ಲಿ ಪಟ್ಟಿಗಳು 13. 2010ರಲ್ಲಿ ದಕ್ಷಿಣ ಕೊರಿಯ ತನ್ನ ಕಡಲಿನ ಮೇಲೆ ಭೂಸ್ಥಿರ ಕಕ್ಷೆಯಿಂದಲೇ ಹಗಲು ಗಂಟೆಗೊಮ್ಮೆ ನೋಡುವ ಉಪಕರಣ ನಿಲ್ಲಿಸಿ, ಮೋಡದ ಬಿರುಕುಗಳಲ್ಲಿ ಒಂದಲ್ಲ ಒಂದು ಹೊತ್ತು ನೀರು ಕಾಣುವಂತೆ ಮಾಡಿಕೊಂಡಿತು. ಮುಂಗಾರಿನ ಕರಾವಳಿಗೆ ಅಂಥದ್ದು ಬೇಕೇ ಬೇಕು.

ನಾಸಾದ ಪೇಸ್ ಉಪಗ್ರಹ 2024ರ ಫೆಬ್ರವರಿ 8ರಂದು ಕಕ್ಷೆ ಸೇರಿತು. ಅದಕ್ಕೂ ಮೊದಲು ಅದನ್ನು ಕೈಬಿಡಬೇಕೆಂಬ ಪ್ರಸ್ತಾಪ ಅಮೆರಿಕದ ಬಜೆಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂದಿತ್ತು. ಅಲ್ಲಿನ ಸಂಸತ್ತು ಹಣ ಕೊಟ್ಟು ಉಳಿಸಿತು. ನಿಂಬಸ್‌ನ ಆರು ಪಟ್ಟಿಗಳ ಜಾಗದಲ್ಲಿ ಅದರ ಮುಖ್ಯ ಉಪಕರಣ 340 ನ್ಯಾನೊಮೀಟರ್‌ನ ನೇರಳಾತೀತದಿಂದ ಅವಕೆಂಪಿನ 890ರವರೆಗೆ ಬಿಡುವಿಲ್ಲದೆ ಬೆಳಕನ್ನು ಬಿಡಿಸಿ ನೋಡುತ್ತದೆ. ಕುರ್ಟ್ ಕಾಲೆಯ ಹಳದಿ ದ್ರವ್ಯದ ಹೀರಿಕೆ ಅತಿ ಗಟ್ಟಿಯಾಗಿರುವುದೂ, ಪತ್ರಹರಿತ್ತಿನಿಂದ ಅದು ಸುಲಭವಾಗಿ ಬೇರೆಯಾಗುವುದೂ ಆ ನೇರಳಾತೀತದ ಭಾಗದಲ್ಲಿ. ಅದು ಕಳಿಸುವ ಮಾಹಿತಿಯನ್ನು ಯಾವ ದೇಶದವರಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಮುಂಗಾರು ಸರಿದು ಆಕಾಶ ತಿಳಿಯಾಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಕಾರವಾರದಿಂದ ಮಂಗಳೂರಿನವರೆಗಿನ ಅಳಿವೆಗಳ ಎದುರು ದೋಣಿ ನಿಲ್ಲಿಸಿ ನೀರು ಎತ್ತಿದರೆ, ಅದಕ್ಕೆ ತಾಳೆ ನೋಡಲು ಬೇಕಾದ ನೇರಳಾತೀತದ ಅಂಕಿ ಈಗ ಸಿಗುತ್ತದೆ.